ಅಲೆಗೆ ಮೊದಲು ಒಂದು ಲೋಟ ಆಸರಿಗೆ

ಉದ್ದನೆ ವಿಶಲ್ ಊದುವ ಅಧಿಕಾರ ನಮ್ಮ ವಾಟರ್ ಪಾರ್ಕಿನಲ್ಲಿ ನನಗೊಬ್ಬಳಿಗೇ ಇತ್ತು. ಅಲೆಕೊಳದ ಹಿಂದಿನ ಮೋಟರ್ ಕೋಣೆಯಲ್ಲಿ ಕೂತವನು ನನ್ನ ವಿಶಲ್ ಕೇಳದೆ ಗುಂಡಿ ಒತ್ತುವಂತಿರಲಿಲ್ಲ. ಸಾಹುಕಾರರೇ ಬಂದು ನಿಂತು ಹೇಳಿದರೂ ಒತ್ತುವಂತಿರಲಿಲ್ಲ. ಮೊದಲು ನಾನು ಕೊಳದ ಅಂಚಿನಲ್ಲಿ ಒಂದು ಸುತ್ತು ಬರಬೇಕು, ಗಾರ್ಡುಗಳು ತಮ್ಮ ತಮ್ಮ ಜಾಗದಲ್ಲಿ ನಿಂತು ಕೈ ಎತ್ತಬೇಕು, ತಳದ ನೀಲಿ ಹಂಚು ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ಆಮೇಲೆ ವಿಶಲ್, ಆಮೇಲೆ ಅಲೆ. ನಿನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ, ನೀರಿಗೆ ಇಳಿದವರೆಲ್ಲ ಉಸಿರಾಡುತ್ತ ಮೇಲೆ ಬರಬೇಕು, ಅದೇ ನನ್ನ ಕೆಲಸ ಅನ್ನುತ್ತಿದ್ದೆ. ಅದಕ್ಕಿಂತ ದೊಡ್ಡ ಕೆಲಸ ಆ ಪಾರ್ಕಿನಲ್ಲಿ ಬೇರೆ ಇಲ್ಲ ಅನ್ನುವ ಸೊಕ್ಕೂ ನನಗಿತ್ತು.

ಪಾರ್ಕು ಇದ್ದದ್ದು ಯಲ್ಲಾಪುರ ದಾಟಿ ಅಂಕೋಲೆ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ. ಹುಬ್ಬಳ್ಳಿ, ಹಾವೇರಿ ಕಡೆಯಿಂದ ಬರುವವರು ನಗುನಗುತ್ತ ಇಳಿಯುತ್ತಿದ್ದರು. ಕರಾವಳಿಯಿಂದ ಅರಬೈಲ್ ಘಾಟಿ ಹತ್ತಿ ಬರುವವರದ್ದು ಬೇರೆ ಕಥೆ. ಲಾರಿಗಳ ಹಿಂದೆ ತಿರುವು ತಿರುವಿನಲ್ಲೂ ನಿಂತು, ಮತ್ತೆ ಹೊರಟು, ಬಸ್ಸಿನ ಕಿಟಕಿಗೆ ತಲೆ ಹಾಕಿ ಕಕ್ಕುತ್ತ ಬರುತ್ತಿದ್ದವು ಮಕ್ಕಳು. ಇಳಿಯುವಾಗ ಮುಖ ಹಿಂಡಿ ಬಿಸಾಕಿದ ನಿಂಬೆಹೋಳಿನ ಹಾಗೆ ಇರುತ್ತಿತ್ತು. ಕೊಳ ಕಂಡದ್ದೇ ತಡ, ಎಲ್ಲ ಮರೆತು ಓಡುತ್ತಿದ್ದವು.

ಹಾಗೆ ಓಡದಂತೆ ತಡೆಯುತ್ತಿದ್ದದ್ದು ಗೇಟಿನ ಒಳಗಿನ ಒಂದು ತಗಡಿನ ಚಪ್ಪರ, ಅದರ ಕೆಳಗೆ ಉದ್ದನೆಯ ಬೆಂಚುಗಳು, ಮತ್ತೆ ವಾನಳ್ಳಿ ಕಡೆಯ ಒಬ್ಬ ಅಕ್ಕ. ಟಿಕೆಟ್ ಹರಿಸಿಕೊಂಡು ಬಂದವರನ್ನೆಲ್ಲ ಅಲ್ಲಿ ಕೂರಿಸಿ ಒಂದು ಲೋಟ ಮುರುಗಲ ಹಣ್ಣಿನ ಪಾನಕ ಕೊಡಬೇಕು ಅನ್ನುವುದು ಪಾರ್ಕು ಕಟ್ಟಿದ ಸಾಹುಕಾರರ ಕಟ್ಟಪ್ಪಣೆ. ಅವರು ಶಿರಸಿಯ ಅಡಿಕೆ ವ್ಯಾಪಾರಿ. ಮನೆಗೆ ಬಂದವರನ್ನು ‘ಆಸರಿಗೆ ಎಂತ ಬೇಕು’ ಅಂತ ಕೇಳದೆ ಮಾತಿಗೆ ಕೂರುವುದು ಅವರ ಕಡೆ ಮರ್ಯಾದೆಯಲ್ಲ. ನಮ್ಮ ದಾಸನಕೊಪ್ಪದ ಕಡೆ ಈ ಶಬ್ದ ಇಲ್ಲ, ‘ನೀರು ಕುಡೀರಿ’ ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ. ದುಡ್ಡು ಕೊಟ್ಟು ಬಂದವರಾದರೇನು, ನಮ್ಮ ಅಂಗಳಕ್ಕೆ ಬಂದವರು ತಾನೇ ಅನ್ನುತ್ತಿದ್ದರು ಸಾಹುಕಾರರು.

ಆ ಅಕ್ಕನ ಗಂಟಲು ಸಣ್ಣದು, ಹಟ ದೊಡ್ಡದು. “ಎಂತಕ್ಕೆ ಗಡಿಬಿಡಿ? ಕೊಳ ಎಲ್ಲಿಗೂ ಓಡಿಹೋಗ್ತಿಲ್ಲೆ. ಕೂತ್ಕಂಡು ಆಸ್ರಿಗೆ ಕುಡೀರಿ” ಅನ್ನುವಳು. ಲೋಟ ಕೊಡುವಾಗ ಒಬ್ಬೊಬ್ಬರ ಮುಖ ನೋಡುವಳು, ಮಾತಾಡಿಸುವಳು. ಎಲ್ಲಿಂದ ಬಂದದ್ದು, ತಿಂಡಿ ಆಯಿತಾ, ದಾರಿಯಲ್ಲಿ ವಾಂತಿ ಆಯಿತಾ, ಇದು ಎಷ್ಟನೇ ಮಗು. ಪೊಲೀಸರಿಗೂ ಹೇಳದ್ದನ್ನು ಜನ ಆಸರಿಗೆ ಕೊಟ್ಟವರಿಗೆ ಹೇಳಿಬಿಡುತ್ತಾರೆ. ಎಲ್ಲರಿಗೂ ಸ್ಟೀಲ್ ಲೋಟ. ಅವಳಿಗೆ ಅನುಮಾನ ಬಂದವರಿಗೆ ಮಾತ್ರ ಹಿತ್ತಾಳೆ ಲೋಟ. ಹುಳಿ ಪಾನಕ ಹಿತ್ತಾಳೆಗೆ ಆಗುವುದಿಲ್ಲ, ಕಿಲುಬು ಬಿಡುತ್ತದೆ, ಅದಕ್ಕೇ ಅದರಲ್ಲಿ ಬೆಲ್ಲದ ನೀರಿಗೆ ಚೂರು ಉಪ್ಪು ಹಾಕಿ ಕೊಡುವಳು. ಹಿತ್ತಾಳೆ ಲೋಟ ಕೈಯಲ್ಲಿದ್ದವರು ನಾನು ಹೋಗಿ ಮಾತಾಡಿಸುವ ತನಕ ಅಲ್ಲೇ ಕೂತಿರಬೇಕು. ಜ್ವರ ಮುಚ್ಚಿಟ್ಟುಕೊಂಡು ಬಂದ ಹುಡುಗ, ಬಸುರಿ, ಬಾಟಲಿ ಏರಿಸಿಕೊಂಡು ಬಂದ ಗಂಡಸು, ಫಿಟ್ಸ್ ಬರುವ ಮಗು, ಘಾಟಿಯಲ್ಲಿ ಹೊಟ್ಟೆಯೆಲ್ಲ ಖಾಲಿ ಮಾಡಿಕೊಂಡವರು, ಎಲ್ಲರೂ ಆ ಲೋಟದಿಂದಲೇ ನನಗೆ ಗೊತ್ತಾಗುತ್ತಿದ್ದರು. ಅವರನ್ನು ಹೊರಗೆ ಕಳಿಸುತ್ತಿರಲಿಲ್ಲ. ಒಂದಿಷ್ಟು ಹೊತ್ತು ಕೂರಿಸಿ, ಏನಾದರೂ ತಿನ್ನಿಸಿ, ಮೊಣಕಾಲು ನೀರಿನ ಕಾಲುವೆಗೆ ಬಿಡುತ್ತಿದ್ದೆವು. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ. ಎಲ್ಲೂ ಬರೆದಿಟ್ಟದ್ದೂ ಅಲ್ಲ.

ಆ ವರ್ಷ ಮಳೆಗಾಲ ಮುಗಿದು ಬಾಗಿಲು ತೆರೆಯುವಾಗ ಹೊಸ ಮ್ಯಾನೇಜರ್ ಬಂದ. ಕರೆಂಟಿನ ಬಿಲ್ಲು ಏರಿತ್ತು, ಸುತ್ತ ಹೋಂಸ್ಟೇಗಳು ತಲೆಯೆತ್ತಿ ಜನ ಅತ್ತ ಹರಿದು ಹೋಗುತ್ತಿದ್ದರು, ಸಾಹುಕಾರರಿಗೂ ವಯಸ್ಸಾಗಿತ್ತು. ಮ್ಯಾನೇಜರ್ ಹುಬ್ಬಳ್ಳಿಯವನು, ಕೆಟ್ಟವನೇನಲ್ಲ. ನಮ್ಮ ಜೊತೆಗೇ ಕೂತು ಉಣ್ಣುತ್ತಿದ್ದ, ಯಾರ ಮೇಲೂ ಗಂಟಲು ಏರಿಸುತ್ತಿರಲಿಲ್ಲ, ಊರಿಗೆ ಹೋಗಿ ಬರುವಾಗ ಎಲ್ಲರಿಗೂ ಪೇಡೆ ತರುತ್ತಿದ್ದ. ಬೈಯಬೇಕು ಅನಿಸಿದಾಗೆಲ್ಲ ಆ ಪೇಡೆ ನನ್ನ ಗಂಟಲಿಗೆ ಅಡ್ಡ ಬರುತ್ತಿತ್ತು.

ಮೊದಲು ಹೋದದ್ದು ಗೇಟಿನ ಹೂವಿನ ಕುಂಡ. ಹೋಗಲಿ ಬಿಡು, ಹೂವಿನಲ್ಲಿ ಯಾರು ಈಜುತ್ತಾರೆ ಅಂದುಕೊಂಡೆ. ಬಟ್ಟೆ ಬದಲಿಸುವ ಕೋಣೆಯ ಸೋಪು ಹೋಯಿತು. ಟವೆಲ್ಲು ತೆಳ್ಳಗಾಯಿತು. ಊಟದ ಪಾಯಸ ವಾರಕ್ಕೊಮ್ಮೆಯಾಗಿ ಆಮೇಲೆ ಮಾಯವಾಯಿತು. ಬಂದವರು ಮುಖ ಗಂಟಿಕ್ಕಿಕೊಂಡರೂ ದೂರು ಬರೆದವರು ಕಡಿಮೆ. ಮ್ಯಾನೇಜರಿಗೆ ಅದೇ ಧೈರ್ಯವಾಯಿತು.

ಬಿಸಿಲು ಏರಿದ ಮೇಲೆ ಅವನು ಕೈ ಹಾಕಿದ್ದು ನೀರು ಚಿಮುಕಿಸುವ ಕೆಲಸಕ್ಕೆ. ಕೊಳದ ಸುತ್ತಲಿನ ಕಲ್ಲುಹಾಸಿಗೆ ಪೈಪು ಹಿಡಿದು ಆಗಾಗ ನೀರು ಬಿಡಲು ಒಬ್ಬ ಆಳಿದ್ದ. ಅವನನ್ನು ಕೆಲಸದಿಂದ ಬಿಡಿಸಿದ. ಕಲ್ಲು ಕಾದು ದೋಸೆ ಹಂಚಾಯಿತು. ಬರಿಗಾಲಿನ ಮಕ್ಕಳು ಅಯ್ಯೋ ಅಪ್ಪಾ ಅಂತ ಕುಣಿಯುತ್ತ ಓಡತೊಡಗಿದವು. ಓಡಬೇಡಿ ಅಂತ ನಾನು ವಿಶಲ್ ಊದಿ ಊದಿ ಸಾಕಾಯಿತು. ಅಂಗಾಲು ಸುಡುವಾಗ ಯಾವ ಮಗು ನಿಲ್ಲುತ್ತದೆ? ಓಡಿದವು ಜಾರಿದವು. ಗದ್ದ ಒಡೆದುಕೊಂಡವರು, ಮೊಣಕಾಲು ತರಚಿಕೊಂಡವರು ನಮ್ಮ ಪ್ರಥಮ ಚಿಕಿತ್ಸೆಯ ಕೋಣೆಯ ಮುಂದೆ ಸಾಲಾಗಿ ನಿಂತರು.

ಆಮೇಲೆ ಕೊಳದ ದಂಡೆಯ ಹಸಿರು ನೆರಳುಬಲೆ. ಗಾಳಿಗೆ ಹರಿದದ್ದನ್ನು ಹೊಸದಾಗಿ ಹಾಕಿಸಲಿಲ್ಲ. ತೀರ ಸಣ್ಣ ವಿಷಯ. ಆದರೆ ಆ ನೆರಳಿನ ಕೆಳಗೆ ತಾಯಂದಿರು, ಅಜ್ಜಿಯರು ಕೂತು ನೀರಿನಲ್ಲಿರುವ ತಮ್ಮ ಮಕ್ಕಳನ್ನು ನೋಡುತ್ತಿದ್ದರು. ನೆರಳು ಹೋದ ಮೇಲೆ ಅವರೆಲ್ಲ ಕ್ಯಾಂಟೀನಿನ ಫ್ಯಾನಿನ ಕೆಳಗೆ ಹೋಗಿ ಕೂತರು. ಕ್ಯಾಂಟೀನಿನ ವ್ಯಾಪಾರ ಏರಿತು ಅಂತ ಮ್ಯಾನೇಜರಿಗೆ ಖುಷಿ. ನನಗೆ ಮಾತ್ರ ಕೊಳದ ಸುತ್ತ ಕಣ್ಣು ಕಡಿಮೆಯಾದದ್ದು ಕಾಣುತ್ತಿತ್ತು. ತನ್ನ ಮಗುವಿನ ಮೇಲೆ ಹೆತ್ತವಳಿಗಿರುವ ಕಣ್ಣು ಯಾವ ಗಾರ್ಡಿಗೆ ಬಂದೀತು?

ನೇರವಾಗಿ ಮ್ಯಾನೇಜರನ ಕೋಣೆಗೆ ಹೋದೆ.

“ನೋಡ್ರಿ ಅಕ್ಕಾರ, ನಾ ದೊಡ್ಡದು ಯಾವುದಕ್ಕೂ ಕೈ ಹಚ್ಚಿಲ್ಲ” ಅಂದ. “ಗಾರ್ಡ್ ಎಷ್ಟಿದ್ರೋ ಅಷ್ಟ ಅದಾರ. ಕ್ಲೋರಿನ್ ಅಷ್ಟ ಐತಿ. ನಾ ತಗದದ್ದು ಸಣ್ಣ ಸಣ್ಣದು. ಯಾರಿಗೂ ಗೊತ್ತ ಆಗೂದಿಲ್ಲ.”

“ಗೊತ್ತ ಆಗೂದಿಲ್ಲ ಅನ್ನೂದ ನನಗ ಅಂಜಿಕಿ ಆಗೇದ ನೋಡ್ರಿ” ಅಂದೆ.

ಅವನು ನಕ್ಕ. ಪೇಡೆಯ ಡಬ್ಬಿ ಮುಂದೆ ತಳ್ಳಿದ. ನಾನು ತೆಗೆದುಕೊಳ್ಳಲಿಲ್ಲ.

ಕೊನೆಗೆ ಬಂದದ್ದು ಚಪ್ಪರದ ಸರದಿ. ಹೊಸ ಗೇಟು ಹಾಕಿಸಿದ್ದ. ಕೈಗೆ ಕಾಗದದ ಪಟ್ಟಿ ಸುತ್ತಿಸಿಕೊಂಡು ನೇರ ಒಳಗೆ. ಆಸರಿಗೆಯಿಂದ ಗೇಟಿನಲ್ಲಿ ಜನ ತಡೆಯುತ್ತಾರೆ, ಪಾನಕ ದಂಡ, ಲೋಟ ತೊಳೆಯುವ ಆಳು ದಂಡ ಅಂದ. ಬೆಂಚುಗಳನ್ನು ತೆಗೆದು ಅಲ್ಲಿ ಸೆಲ್ಫಿ ತೆಗೆಸಿಕೊಳ್ಳಲು ಒಂದು ಪ್ಲಾಸ್ಟಿಕ್ ಡಾಲ್ಫಿನ್ ನಿಲ್ಲಿಸಿದ. ಅಕ್ಕನನ್ನು ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯಲು ಹಾಕಿದ. ನಾನು ಜಗಳಕ್ಕೆ ಹೋದೆ. ಹಿತ್ತಾಳೆ ಲೋಟದ ವಿಚಾರವನ್ನೂ ಹೇಳಿದೆ.

“ಅದು ಉಪಚಾರ ಅಲ್ಲೇನ್ರಿ? ಸುರಕ್ಷತಾ ಎಲ್ಲಿ ಬಂತು ಇದರಾಗ?” ಅಂದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಉಪಚಾರ ಅನ್ನುವುದು ಮೇಲಿನ ಅಲಂಕಾರ ಅಂತ ಅವನ ತಲೆಯಲ್ಲಿ ಕೂತಿತ್ತು. ಸಾಹುಕಾರರಿಗೆ ಫೋನು ಮಾಡಿದೆ. “ಒಂದು ಸೀಸನ್ ನೋಡನ ತಂಗೀ” ಅಂದರು, ಇಟ್ಟುಬಿಟ್ಟರು.

ಅದರ ಜೊತೆಗೇ ಇನ್ನೊಂದು ಸಣ್ಣದು. ಟ್ಯೂಬು ಹಂಚಿ ವಾಪಸು ಜೋಡಿಸುವ ಕೆಲಸದವನನ್ನು ಟಿಕೆಟ್ ಕಿಟಕಿಗೆ ಹಾಕಿ, ಆ ಕೆಲಸವನ್ನು ಕೊಳದ ಬಲಗಡೆ ನಿಲ್ಲುವ ಗಾರ್ಡಿಗೆ ಅಂಟಿಸಿದರು. ಆ ಗಾರ್ಡು ಯಲ್ಲಾಪುರದವನು, ಲಾರಿಯವರ ಮನೆತನ, ಮೀನಿನ ಹಾಗೆ ಈಜುವವನು, ನನ್ನನ್ನು ಅಕ್ಕ ಅನ್ನುವ ಬದಲು ಅವನ ಮನೆಮಾತಿನಲ್ಲಿ ಆಪಾ ಅನ್ನುವವನು. “ಆಪಾ, ಕೈಯಾಗೆ ಟ್ಯೂಬ್ ಹಿಡಕಂಡು ಕಣ್ಣು ನೀರ ಮೇಲೆ ಇಡು ಅಂದ್ರೆ ಹ್ಯಾಂಗೆ?” ಅಂತ ನನ್ನನ್ನೇ ಕೇಳಿದ.

ಅದಾಗಿ ಸ್ವಲ್ಪ ದಿನಕ್ಕೆ ಕರಾವಳಿಯಿಂದ ಒಂದು ಬೇಸಿಗೆ ಶಿಬಿರದ ಬಸ್ಸು ಬಂತು. ಘಾಟಿಯಲ್ಲಿ ಯಾವುದೋ ಲಾರಿ ಕೆಟ್ಟು ನಿಂತು ಬಸ್ಸು ಬಿಸಿಲಿನಲ್ಲಿ ಬೇಯುತ್ತ ನಿಂತಿತ್ತಂತೆ. ತಡವಾಗಿದೆ, ಬೇಗ ಬೇಗ ಅಂತ ಶಿಬಿರದ ಮೇಡಂ ಚಪ್ಪಾಳೆ ತಟ್ಟುತ್ತ ಮಕ್ಕಳನ್ನು ಇಳಿಸಿದರು. ಕೈಗೆ ಪಟ್ಟಿ ಸುತ್ತಿಸಿಕೊಂಡ ಮಕ್ಕಳು ಬಟ್ಟೆ ಬದಲಿಸಿ, ಕಾದ ಕಲ್ಲಿನ ಮೇಲೆ ಓಡಿ, ಸೀದಾ ಕೊಳಕ್ಕೆ ಬಿದ್ದರು. ನಾನು ಎಂದಿನ ಸುತ್ತು ಬಂದೆ. ಗಾರ್ಡುಗಳು ಕೈ ಎತ್ತಿದರು. ತಳ ಕಂಡಿತು. ವಿಶಲ್ ಊದಿದೆ.

ಅಲೆ ಬಂದರೆ ಕೊಳದ ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ, ತಳ ಕಾಣುವುದಿಲ್ಲ. ನೀರಿನಲ್ಲಿ ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂತ ಜನ ತಿಳಿದಿದ್ದಾರೆ. ಹೆಚ್ಚಿನವರು ಕೂಗುವುದಿಲ್ಲ. ಎಚ್ಚರ ತಪ್ಪಿ ಹೋದವರಂತೂ ಸದ್ದೇ ಮಾಡುವುದಿಲ್ಲ. ಸುತ್ತ ಮಕ್ಕಳು ಕೇಕೆ ಹಾಕುತ್ತಿರುತ್ತಾರೆ, ಹಾಡು ಮೊಳಗುತ್ತಿರುತ್ತದೆ, ಅದರ ನಡುವೆ ಒಂದು ತಲೆ ಕಡಿಮೆಯಾಗುತ್ತದೆ.

“ಆಪಾ! ಖಾಲಿ ಟ್ಯೂಬ್!” ಅಂತ ಬಲಗಡೆಯ ಗಾರ್ಡು ಕಿರುಚಿದ. ಎರಡೂ ತೋಳಿಗೆ ಟ್ಯೂಬು ಸಿಕ್ಕಿಸಿಕೊಂಡು ಮೂರನೆಯದಕ್ಕೆ ಕೈ ಚಾಚಿದವನಿಗೆ ಅದರ ಒಡೆಯರು ಯಾರೂ ಕಂಡಿರಲಿಲ್ಲ. ನಾನು ಕಂಬದ ಮೇಲಿನ ಕೆಂಪು ಗುಂಡಿಗೆ ಹೊಡೆದೆ. ಮೋಟರ್ ನಿಂತರೂ ನೀರು ತಕ್ಷಣ ತಿಳಿಯಾಗುವುದಿಲ್ಲ, ಅದರ ಪಾಡಿಗೆ ಅದು ಹೊಯ್ದಾಡುತ್ತದೆ. ಅವನು ಟ್ಯೂಬು ಕಿತ್ತೆಸೆದು ಹಾರಿದ. ಒಂದು ಸಲ ಬರಿಗೈಲಿ ಮೇಲೆ ಬಂದ. ಮತ್ತೆ ಮುಳುಗಿದ. ನಾನು ದಂಡೆಯ ಮೇಲೆ ಮೊಣಕಾಲೂರಿ, ದೇವರೇ ತಳ ಕಾಣಿಸು, ತಳ ಕಾಣಿಸು ಅಂತ ಬಾಯಿಬಿಟ್ಟೇ ಅನ್ನುತ್ತಿದ್ದೆ.

ಮೇಲೆ ತಂದದ್ದು ಒಂದು ಹುಡುಗಿಯನ್ನು. ತುಟಿ ನೇರಳೆ ಹಣ್ಣಿನ ಬಣ್ಣ. ಉಸಿರಿಲ್ಲ. ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಊದಿದೆ. ನೀರಿನಿಂದ ತೆಗೆದವರಿಗೆ ಮೊದಲು ಉಸಿರು ಕೊಡಬೇಕು, ಎದೆ ಒತ್ತುವುದು ಆಮೇಲೆ. ಎದೆ ಒತ್ತಿದೆ. ಆ ಪುಟ್ಟ ಎಲುಬುಗಳು ನನ್ನ ಅಂಗೈ ಕೆಳಗೆ ತಗ್ಗಿದ್ದು ಈಗಲೂ ಕೈಗೆ ನೆನಪಿದೆ. ಮತ್ತೆ ಊದಿದೆ, ಮತ್ತೆ ಒತ್ತಿದೆ. ಹಾಡು ಇನ್ನೂ ಮೊಳಗುತ್ತಲೇ ಇತ್ತು. “ಆ ಹಾಡಿಗಿಷ್ಟು ಬೆಂಕಿ ಹಚ್ಚರ್ರೋ!” ಅಂತ ಕೂಗಿದೆ. ಆಮೇಲೆ ಹುಡುಗಿಯ ಗಂಟಲಿನಲ್ಲಿ ಗೊರ್ ಅಂತು. ಪಕ್ಕಕ್ಕೆ ಹೊರಳಿಸಿದೆ. ನೀರು ಬಂತು, ಹಳದಿ ಪಿತ್ತ ಬಂತು. ಅನ್ನದ ಒಂದು ಅಗುಳೂ ಬರಲಿಲ್ಲ.

ಹುಡುಗಿ ಬದುಕಿತು. ಯಲ್ಲಾಪುರದ ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ. ಪುಪ್ಪುಸಕ್ಕೆ ನೀರು ಹೋಗಿ ಜ್ವರ ಏರಿ ತುಂಬ ದಿನ ಮಲಗಿತ್ತು. ನೋಡಲು ಹೋದಾಗ ತಾಯಿ ನನ್ನ ಕೈ ಹಿಡಿದುಕೊಂಡು ದೇವರ ಹಾಗೆ ಬಂದಿರಿ ಅಂದಳು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಘಾಟಿಯುದ್ದಕ್ಕೂ ಕಕ್ಕಿಕೊಂಡಿತ್ತಂತೆ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಮೇಡಂಗೆ ಹೇಳಿದರೆ ನೀರಿಗೆ ಬಿಡುವುದಿಲ್ಲ ಅಂತ ಹೇಳದೆ ಸುಮ್ಮನಿತ್ತಂತೆ.

ಪಾರ್ಕಿಗೆ ಬಂದು ಕ್ಯಾಂಟೀನಿನ ಹಿಂದೆ ಹೋದೆ. ಅಕ್ಕ ತಟ್ಟೆಗಳ ರಾಶಿಯ ಮುಂದೆ ಕೂತಿದ್ದಳು. ತೊಳೆಯುತ್ತಿರಲಿಲ್ಲ.

“ಆನು ಕಂಡಿದ್ದೆ” ಅಂದಳು. “ಈ ಕಿಟಕಿಲಿ ಕಂಡಿದ್ದೆ. ಬಸ್ಸಿಂದ ಇಳಿದದ್ದೇ ಆ ಕೂಸು ಡಾಲ್ಫಿನ್ನಿನ ಬುಡಕ್ಕೆ ಕುಕ್ಕರಗಾಲಲ್ಲಿ ಕೂತಿತ್ತು. ಮುಖ ಸರಿ ಇತ್ತಿಲ್ಲೆ. ಹಿತ್ತಾಳೆ ಲೋಟ ಕೊಡೋ ಮುಖ ಅದು. ಕೈಯಲ್ಲಿ ತಟ್ಟೆ ಇತ್ತು. ಇಟ್ಟು ಬರೂದ್ರೊಳಗೆ ಎದ್ದು ಓಡಿಹೋತು.” ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನೂ ಪಕ್ಕದಲ್ಲಿ ಕೂತು ಅತ್ತೆ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಗಾರ್ಡುಗಳ ತರಬೇತಿ ಪತ್ರ, ಕೆಂಪು ಗುಂಡಿ, ಕ್ಲೋರಿನ್, ಎಲ್ಲ ನೋಡಿದರು. ಎಲ್ಲ ಸರಿಯಿತ್ತು. ನೀರಿಗೆ ಬಿಡುವ ಮುಂಚೆ ಆರೋಗ್ಯ ವಿಚಾರಿಸುವ ಪದ್ಧತಿ ಏನಾದರೂ ಇದೆಯೇ ಅಂತ ಕೇಳಿದರು.

“ಇತ್ತು ಸರ್” ಅಂದೆ. ಚಪ್ಪರ, ಅಕ್ಕ, ಸ್ಟೀಲ್ ಲೋಟ, ಹಿತ್ತಾಳೆ ಲೋಟ, ಎಲ್ಲ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಪೆನ್ನು ಮಾತ್ರ ಎತ್ತಲಿಲ್ಲ.

“ಬಾಯಾರಿಕೆಗೆ ಕೊಡೋದನ್ನ ನಾನು ಸುರಕ್ಷತಾ ಕ್ರಮ ಅಂತ ಹೇಗೆ ಬರೀಲಿ ಹೇಳಿ?” ಅಂದರು. ಅವರದ್ದೂ ತಪ್ಪಲ್ಲ. ನಾವೇ ಯಾವತ್ತೂ ಅದನ್ನು ಹಾಗೆ ಕರೆದಿರಲಿಲ್ಲ. ಮ್ಯಾನೇಜರು ಬದಿಯಲ್ಲಿ ನಿಂತು, ಹಿತ್ತಾಳೆ ಲೋಟ ಅಂದಾಗ ಮಾತ್ರ ತಲೆಯೆತ್ತಿ ನೋಡಿದ.

ಕೊನೆಗೆ ಆದದ್ದು ಎರಡು ಕೆಲಸ. ಬಲಗಡೆಯ ಗಾರ್ಡಿಗೆ ಗಮನ ಸಾಲದು ಅಂತ ನೋಟಿಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆ ಹುಡುಗಿಯನ್ನು ಮೇಲೆತ್ತಿ ತಂದವನೇ ಅವನು. ಇನ್ನೊಂದು, ಗೇಟಿನಲ್ಲಿ ಒಂದು ಫಲಕ: ‘ಅಸ್ವಸ್ಥರು ನೀರಿಗೆ ಇಳಿಯಬಾರದು. ಇಳಿದರೆ ಅವರೇ ಹೊಣೆ.’ ಫಲಕಕ್ಕೆ ಸಂಬಳವಿಲ್ಲ, ರಜೆಯಿಲ್ಲ, ಮಕ್ಕಳ ಮುಖ ನೋಡುವ ಕಣ್ಣೂ ಇಲ್ಲ.

ಮುಂದಿನ ಭಾನುವಾರ ಗೇಟಿನ ಹೊರಗೆ ಬಸ್ಸು, ಟೆಂಪೊ, ಕಾರು ತುಂಬಿ ಹೆದ್ದಾರಿಯ ತನಕ ಸಾಲು. ಕೊಳದ ಹತ್ತಿರ ನಿಂತು ನೋಡಿದರೆ ಮಕ್ಕಳು ಮತ್ತೆ ಡಾಲ್ಫಿನ್ ದಾಟಿ ಓಡಿ ಬರುತ್ತಿವೆ. ಗಾರ್ಡುಗಳು ಕೈ ಎತ್ತಿದ್ದಾರೆ. ತಳ ಕಾಣುತ್ತಿದೆ. ವಿಶಲ್ ಬಾಯಿಗಿಟ್ಟೆ. ಊದಲು ಆಗಲಿಲ್ಲ. ಇವರಲ್ಲಿ ಯಾರ ಹೊಟ್ಟೆ ಖಾಲಿ, ಯಾರಿಗೆ ಫಿಟ್ಸು, ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಹೇಗೆ ಊದಲಿ?

ವಿಶಲ್ ಜೇಬಿಗೆ ಹಾಕಿಕೊಂಡೆ. ಎಲ್ಲರನ್ನೂ ನೀರಿನಿಂದ ಮೇಲೆ ಕರೆಸಿ ಗೇಟಿನ ಕಡೆ ಹೊರಡಿಸಿದೆ. ಕ್ಯಾಂಟೀನಿಗೆ ಹೋಗಿ, “ಏಳವ್ವಾ, ತಟ್ಟೆ ಅಲ್ಲೇ ಬಿಡು, ಬಾ” ಅಂದೆ. ಅಕ್ಕ ಎಂತಕ್ಕೆ ಅಂತಲೂ ಕೇಳಲಿಲ್ಲ. ಗೋಡೌನಿನ ಬೆಂಚು ಹೊರಗೆ ಬಂತು. ಮುರುಗಲು ಇರಲಿಲ್ಲ, ಅಡುಗೆಮನೆಯ ಬೆಲ್ಲ, ಕೊಡದ ನೀರು. ಅಕ್ಕ ತನ್ನ ಚೀಲದಿಂದ ಹಿತ್ತಾಳೆ ಲೋಟಗಳನ್ನು ತೆಗೆದಳು. ಅವನ್ನು ದಿನಾ ಹೊತ್ತುಕೊಂಡು ಬರುತ್ತಿದ್ದಳು ಅಂತ ನನಗೆ ಗೊತ್ತಾದದ್ದೇ ಅವತ್ತು.

ಜನ ರೇಗಿದರು. “ದುಡ್ಡು ಕೊಟ್ಟು ಬಂದೇವಿ, ಬೆಲ್ಲದ ನೀರು ಕುಡಿಯಾಕ ಬಂದಿಲ್ಲ ನಾವು” ಅಂತ ಒಬ್ಬ ಎದೆಯ ಹತ್ತಿರ ಬಂದು ನಿಂತ.

“ಹೌದ್ರಿ ಅಣ್ಣಾರ, ನೀವು ಆಡಾಕ ಬಂದೀರಿ. ಆಡೂಣಂತ. ಒಂದಿಷ್ಟ ಕುಂದರ್ರಿ, ಒಂದು ಲೋಟ ಕುಡೀರಿ, ಆಮ್ಯಾಲೆ ಬೇಕಾದಷ್ಟು ಬೈರಿ ನನ್ನ. ಕುಂತವರನ್ನ ನೋಡದ ನಾ ಅಲಿ ಬಿಡೂದಿಲ್ಲ.”

ಮೊಬೈಲುಗಳು ಮೇಲೆದ್ದವು. ಮ್ಯಾನೇಜರು ಓಡಿ ಬಂದು ಕೈಮುಗಿದ, ಬೆದರಿಸಿದ, ಮೋಟರ್ ಕೋಣೆಗೆ ಓಡಿದ. ಅಲ್ಲಿದ್ದವನು, “ಅಕ್ಕನ ವಿಶಲ್ ಬರ್ಲಿ ಸರ್, ಅಲ್ಲೀವರೆಗೆ ಒತ್ತೂದಿಲ್ಲ” ಅಂದನಂತೆ. ಅಷ್ಟರಲ್ಲಿ ಗೊಣಗುತ್ತಲೇ ಜನ ಕೂತಿದ್ದರು. ಅಕ್ಕ ಲೋಟ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತಿದ್ದಳು. ಹಾನಗಲ್ಲಿನ ಕಡೆಯ ಒಬ್ಬ ತಾಯಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಪಕ್ಕದ ಹುಡುಗನ ಕೈಗೆ ಹಿತ್ತಾಳೆ ಲೋಟ ಹೋಯಿತು. ಹೋಗಿ ವಿಚಾರಿಸಿದೆ. ಫಿಟ್ಸಿನ ಮಾತ್ರೆ ಎರಡು ದಿನದಿಂದ ತಪ್ಪಿತ್ತು. ಫಲಕ ನೋಡಿದಿರಾ ಅಂತ ಕೇಳಿದೆ. “ನೋಡೇನ್ರಿ” ಅಂದಳು ಆ ತಾಯಿ, “ಮಗಾ ಆಸೆ ಮಾಡಿ ಬಂದಾನ, ಹೊರಗ ಹಾಕ್ತಾರ ಅಂತ ಅಂಜಿದೆ.” ಅವನನ್ನು ಮೊಣಕಾಲು ನೀರಿನಲ್ಲಿ ಅವಳ ಕೈಗೇ ಕೊಟ್ಟು ಆಡಿಸಿದೆವು. ಆಮೇಲೆ ಕೊಳಕ್ಕೆ ಬಂದು, ಸುತ್ತು ಹಾಕಿ, ತಳ ನೋಡಿ, ಎದೆ ತುಂಬ ಉಸಿರೆಳೆದು ವಿಶಲ್ ಊದಿದೆ.

ಮೊಬೈಲಿನಲ್ಲಿ ಹಬ್ಬಿದ್ದು ಬೇರೆ. ವಾಟರ್ ಪಾರ್ಕಿನಲ್ಲಿ ಹೆಂಗಸಿನ ದಬ್ಬಾಳಿಕೆ, ಬಂದವರನ್ನು ಬಿಸಿಲಿನಲ್ಲಿ ಕೂಡಿಹಾಕಿದರು ಅಂತ. ಎರಡು ಬಸ್ಸಿನವರು ಬುಕ್ಕಿಂಗ್ ರದ್ದು ಮಾಡಿದರು. ಸಾಹುಕಾರರೇ ಶಿರಸಿಯಿಂದ ಬಂದರು. ಗೋಡೌನಿಗೆ ವಾಪಸು ಹೋಗದೆ ಉಳಿದಿದ್ದ ಒಂದು ಬೆಂಚಿನ ಮೇಲೆ ಕೂತರು. ಸಣ್ಣಗಾಗಿದ್ದರು.

“ಆ ಲೋಟ ಶುರು ಮಾಡಿದ್ದೇ ಆನು” ಅಂದರು. “ನಂಗೆ ಗೊತ್ತಿಲ್ಲೆ ಅಂದ್ಕಂಡ್ಯಾ? ಆದ್ರೆ ಹಿಂಗೆ ಎಲ್ಲರೆದುರಿಗೆ ಮಾಡೂದು... ಬಾಗಿಲು ಹಾಕಿದ್ರೆ ಇಷ್ಟು ಜನರ ಹೊಟ್ಟೆಪಾಡು ಎಂತ ಆಗ್ತು ಹೇಳು.”

“ಸಾಹುಕಾರ್ರೇ, ಅಡಿಕಿ ವ್ಯಾಪಾರ ಮಾಡಿದವರು ನೀವು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರೂದಿಲ್ಲ ಅನ್ನೂದು ನಿಮಗ ನಾ ಹೇಳಬೇಕಾ? ಮಾನದ ಮಾತು ಬಿಡ್ರಿ, ಆ ಹುಡುಗಿ ಜೀವ ಹೋಗಿತ್ತಂದ್ರ?”

ಅವರು ನನ್ನ ಮುಖ ನೋಡದೆ ಕೈ ಚಾಚಿದರು. ಕೊರಳಿನಿಂದ ವಿಶಲ್ ತೆಗೆದು ಆ ಕೈಯಲ್ಲಿಟ್ಟೆ. ದಾರ ಬೆವರಿಗೆ ಒದ್ದೆಯಾಗಿತ್ತು. ಹೊರಗೆ ಗಾರ್ಡು ನಿಂತಿದ್ದ. “ಆಪಾ, ಇನ್ಮೇಲೆ ಯಾರು ಊದೂದು?” ಅಂದ. ಅವನ ಮನೆಯಲ್ಲಿ ಉಣ್ಣುವ ಬಾಯಿಗಳು ಬಹಳ. ನನ್ನ ಜೊತೆ ಬಾ ಅನ್ನಲು ನನಗೆ ಬಾಯಿ ಬರಲಿಲ್ಲ. ಅಕ್ಕ ಮಾತ್ರ ಯಾರನ್ನೂ ಕೇಳದೆ ಅವತ್ತೇ ತನ್ನ ಚೀಲ ತೆಗೆದುಕೊಂಡು ವಾನಳ್ಳಿಗೆ ಹೊರಟಳು. ಲೋಟಗಳು ಪಾರ್ಕಿನ ದುಡ್ಡಿನವು ಅಂತ ತೊಳೆದು, ಒರೆಸಿ, ಬೆಂಚಿನ ಮೇಲೆ ಬೋರಲು ಹಾಕಿಟ್ಟು ಹೋದಳು.

ಶಿಬಿರದ ಮೇಡಂ ಒಮ್ಮೆ ಫೋನು ಮಾಡಿದ್ದರು. ಹುಡುಗಿ ಶಾಲೆಗೆ ಬರುತ್ತಿದೆಯಂತೆ. ಆದರೆ ತಲೆಯ ಮೇಲೆ ನೀರು ಹೊಯ್ಯಿಸಿಕೊಳ್ಳುವುದಿಲ್ಲವಂತೆ. ತಾಯಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಾಳಂತೆ. ಮನೆ ಇರುವುದು ಕಡಲ ದಂಡೆಯಲ್ಲಿ.

ಯೂನಿಫಾರ್ಮ್ ವಾಪಸು ಕೊಡಬೇಕಿತ್ತು. ಮುಂದಿನ ಸೀಸನ್ ಶುರುವಾದ ಮೇಲೆ ಒಂದು ದಿನ ಹೋದೆ. ಡಾಲ್ಫಿನ್ನಿನ ಪಕ್ಕದಲ್ಲಿ ಒಂದು ಚಂದದ ಹುಲ್ಲಿನ ಗುಡಿಸಲು ಎದ್ದಿತ್ತು. ‘ಮಲೆನಾಡ ಸಾಂಪ್ರದಾಯಿಕ ಆಸರಿಗೆ, ಪ್ರೀಮಿಯಂ ಟಿಕೆಟ್‌ನವರಿಗೆ ಮಾತ್ರ’ ಅಂತ ಬಣ್ಣದ ಬ್ಯಾನರು. ಇಳಕಲ್ ಸೀರೆ ಉಡಿಸಿದ ಒಬ್ಬಳು ಎಳೆ ಹುಡುಗಿ ನಗುತ್ತ ಹಂಚುತ್ತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪಾಪ, ನೋಡು ಅಂತ ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ಹಂಚುತ್ತಿದ್ದದ್ದು ಹುಳಿ ಮುರುಗಲ ಪಾನಕ. ಹಂಚುತ್ತಿದ್ದದ್ದು ಹಿತ್ತಾಳೆ ಲೋಟದಲ್ಲಿ.

ಯೂನಿಫಾರ್ಮ್ ಕೊಟ್ಟು ಹೊರಗೆ ಬಂದು ಬಸ್ಸಿಗೆ ಕಾಯುತ್ತ ಹೆದ್ದಾರಿಯ ಆಚೆ ನಿಂತೆ. ಘಾಟಿ ಹತ್ತಿ ಬಂದ ಒಂದು ಟೆಂಪೊ ನಿಂತಿತು. ಎರಡು ಜಡೆಯ ಹುಡುಗಿಯೊಂದು ಇಳಿದು, ಬಾಗಿಲು ಹಿಡಿದು ಬಗ್ಗಿ ಕಕ್ಕಿ, ಅಂಗೈಯಿಂದ ಬಾಯಿ ಒರೆಸಿಕೊಂಡು, ಕೈಗೆ ಪ್ರೀಮಿಯಂ ಪಟ್ಟಿ ಸುತ್ತಿಸಿಕೊಂಡು ಗೇಟಿನೊಳಗೆ ಓಡಿತು. ಗುಡಿಸಲಿನ ಹುಡುಗಿ ಅದರ ಕೈಗೆ ಹಿತ್ತಾಳೆ ಲೋಟ ಕೊಟ್ಟಳು. ಲೋಟ ಕಂಡ ಕೂಡಲೇ ನನ್ನ ಕಾಲು ರಸ್ತೆಗಿಳಿಯಿತು. “ಏ ತಂಗೀ, ನಿಂದರು! ಅಲ್ಲೇ ಕುಂದರು!” ಅಂತ ಕೂಗಿದೆ. ಮರದ ದಿಮ್ಮಿ ಹೇರಿದ ಲಾರಿಯೊಂದು ಹಾರ್ನ್ ಹೊಡೆಯುತ್ತ ನಡುವೆ ಹಾದುಹೋಯಿತು. ಅದು ದಾಟಿದ ಮೇಲೆ ನೋಡಿದರೆ ಲೋಟ ಖಾಲಿಯಾಗಿ ಮೇಜಿನ ಮೇಲಿತ್ತು, ಎರಡು ಜಡೆಯ ಹುಡುಗಿ ಇರಲಿಲ್ಲ.

ವಿಶಲ್ ಕೇಳುತ್ತದೇನೋ ಅಂತ ಕಿವಿಗೊಟ್ಟು ನಿಂತೆ. ಕೇಳಲಿಲ್ಲ. ಅಲೆಯ ಮೋಟರ್ ಶುರುವಾದದ್ದು ಕೇಳಿತು.